ಬಿಯರ್ ಇಲ್ಲದ ಊರಿನಲ್ಲಿ ಯೀಸ್ಟ್ ಹುಡುಕುತ್ತ

ಹೊರಡುವ ಮುಂಚೆ

ನಮ್ಮ ಮೈಸೂರು ಸೀಮೆಯವರಿಗೆ ಆಗ ಮುಂಬಯಿ ಪರದೇಶವೇ. ಬೇರೆ ಭಾಷೆ, ಬೇರೆ ಸರ್ಕಾರ, ಬೇರೆ ಕಾಯಿದೆ. ಅಲ್ಲಿ ಪಾನನಿಷೇಧ ಬಂದು ನಾಲ್ಕೈದು ವರ್ಷವಾಗಿತ್ತು. ಕುಡಿಯುವವರು ಆ ಊರಿಗೆ ಹೋಗಲು ಅಂಜುತ್ತಿದ್ದರು. ನಾನು ತೊಟ್ಟೂ ಕುಡಿಯದವನು. ಆದರೆ ನನ್ನ ಕಸುಬೇ ಬಿಯರ್ ಮಾಡುವುದಾಗಿದ್ದರಿಂದ ಅವರಿಗಿಂತ ಹೆಚ್ಚು ಅಂಜಿದ್ದೆ.

ಬೆಂಗಳೂರಿನ ಒಂದು ಬಿಯರ್ ಕಾರ್ಖಾನೆಯಲ್ಲಿ ನಾನು ಹುದುಗುಕೋಣೆಯ ಮೇಸ್ತ್ರಿ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿದರೆ ಸಿಹಿನೀರು ಬಿಡುತ್ತದೆ. ಅದಕ್ಕೆ ಹಾಪ್ಸ್ ಎಂಬ ಒಣಹೂವು ಹಾಕಿ ಕುದಿಸಿದರೆ ಕಹಿ ಬರುತ್ತದೆ. ಆರಿದ ಮೇಲೆ ಯೀಸ್ಟ್ ಬೆರೆಸಿದರೆ ನೊರೆಯೆದ್ದು ಬಿಯರ್ ಆಗುತ್ತದೆ. ಒಂದು ಸಲದ ಯೀಸ್ಟನ್ನೇ ಎತ್ತಿಟ್ಟು ಮುಂದಿನ ಸಲಕ್ಕೆ ಹಾಕುತ್ತೇವೆ, ಮನೆಯಲ್ಲಿ ಹೆಪ್ಪಿಗೆ ಮಜ್ಜಿಗೆ ಎತ್ತಿಟ್ಟ ಹಾಗೆ. ಆ ಬೇಸಗೆಯಲ್ಲಿ ನಮ್ಮ ಬಿಯರ್ ಒಂದೇ ಸಮನೆ ಹುಳಿಯತೊಡಗಿತು. ಹಾಪ್ಸ್ ಕೆಟ್ಟಿದೆ ಎಂದು ಕೆಲವರು, ನನ್ನ ಕೈ ಕೆಟ್ಟಿದೆ ಎಂದು ಹಲವರು. ಯೀಸ್ಟೇ ಕೆಟ್ಟಿದೆಯೆಂದು ನನ್ನ ಅನುಮಾನ. ಕಾರಣ ಹುಡುಕದಿದ್ದರೆ ಬೇರೆ ಮೇಸ್ತ್ರಿಯನ್ನು ಹುಡುಕುತ್ತೇನೆ ಎಂದರು ಮ್ಯಾನೇಜರು.

ನನಗೆ ಈ ಕಸುಬು ಕಲಿಸಿದ್ದು ಮಂಗಳೂರಿನ ಸಾಲ್ವಡೋರ್ ಮಾಸ್ತರರು. ಹತ್ತು ವರ್ಷದ ಹಿಂದೆ ಅವರು ನಮ್ಮ ಕಾರ್ಖಾನೆ ಬಿಟ್ಟು ಮುಂಬಯಿಯ ಭಾಂಡುಪ್ಪಿನಲ್ಲಿದ್ದ ಇನ್ನೊಂದು ಬಿಯರ್ ಕಾರ್ಖಾನೆಗೆ ಹೋದರು. ಹೋಗುವಾಗ ನಮ್ಮ ಯೀಸ್ಟನ್ನು ಕದ್ದೊಯ್ದರು ಎಂಬ ಮಾತು ಹುಟ್ಟಿತು. ಆ ಮಾತನ್ನು ಮೊದಲು ಆಡಿದವನು ನಾನೇ. ಒದ್ದೆ ಬಟ್ಟೆ ಸುತ್ತಿದ ಬಾಟಲಿಯೊಂದನ್ನು ಅವರು ಸಂಜೆ ಹೊತ್ತು ಮನೆಗೆ ಒಯ್ಯುವುದನ್ನು ನೋಡಿದ್ದೆ. ಒದ್ದೆ ಬಟ್ಟೆ ಸುತ್ತುವುದು ತಂಪಾಗಿರಲೆಂದು, ತಂಪು ಬೇಕಾದದ್ದು ಯೀಸ್ಟಿಗೆ ಎಂದು ಲೆಕ್ಕ ಹಾಕಿ ಮ್ಯಾನೇಜರಿಗೆ ಹೇಳಿಬಿಟ್ಟಿದ್ದೆ.

ಈಗ ಅದೇ ಮಾಸ್ತರರನ್ನು ಹುಡುಕಿಕೊಂಡು ರಜೆ ಹಾಕಿ ಹೊರಟೆ. ಅವರು ನಿಜವಾಗಿಯೂ ಕದ್ದಿರಲಿ ಎಂದು ದಾರಿಯುದ್ದಕ್ಕೂ ಹಾರೈಸಿದೆ. ಕದ್ದಿದ್ದರೆ ನಮ್ಮ ಹಳೆಯ ಯೀಸ್ಟ್ ಎಲ್ಲೋ ಬದುಕಿರುತ್ತದೆ, ನಾನು ಆಡಿದ ಮಾತೂ ನಿಜವಾಗುತ್ತದೆ.

ದಾದರ್

ಪುಣೆಯಲ್ಲಿ ಗಾಡಿ ಬದಲಿಸಿ ದಾದರಿನಲ್ಲಿ ಇಳಿದಾಗ ಬೆಳಗಿನ ಎಂಟು ಗಂಟೆ. ಜನ ಯಾರ ಮುಖವನ್ನೂ ನೋಡದೆ ಓಡುತ್ತಿದ್ದರು. ನಮ್ಮ ಸಿಟಿ ಸ್ಟೇಷನ್ನಿನಲ್ಲಿ ಇಳಿದವರು ಮೊದಲು ಸುತ್ತ ನೋಡುತ್ತಾರೆ, ಆಮೇಲೆ ನಡೆಯುತ್ತಾರೆ. ಹಾಗೆ ಸುತ್ತ ನೋಡಿದ್ದೇ ನನ್ನ ತಪ್ಪಾಯಿತು. ಗೇಟಿನ ಬಳಿಯಿದ್ದ ಕಾನ್‌ಸ್ಟೇಬಲ್ ಬೆರಳು ಮಡಿಸಿ ಕರೆದ. ಪಂಚೆಗಳ ಕೆಳಗಿದ್ದ ತಗಡಿನ ಡಬ್ಬಿ ತೆಗೆಸಿದ. ಅದರಲ್ಲಿ ಮಾಸ್ತರರಿಗೆ ತೋರಿಸಲು ತಂದ ಹಾಪ್ಸ್ ಇತ್ತು. ಹಸಿರು ಬಣ್ಣ, ಅಂಟು, ಗಾಢವಾದ ವಾಸನೆ.

ಅವನು ಮರಾಠಿಯಲ್ಲಿ ಏನೋ ಕೇಳಿದ. ನಾನು ಗಾಬರಿಯಲ್ಲಿ ಕನ್ನಡದಲ್ಲೇ "ಏನೂ ಇಲ್ಲ ಸ್ವಾಮಿ" ಎಂದೆ.

"ಓಹೋ, ಕನ್ನಡದವ್ರೇನು?" ಎಂದ. ವಿಜಾಪುರದ ಕಡೆಯವನಂತೆ. ನನಗೆ ಹೋದ ಜೀವ ಬಂತು, ಆದರೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಅವನು ಡಬ್ಬಿಗೆ ಮೂಗಿಟ್ಟು, "ಗಾಂಜಾ ಐತೇನ್ರಿ ಇದು?" ಎಂದ.

"ಅಯ್ಯಯ್ಯೋ, ಅಲ್ಲ. ಕಷಾಯದ ಹೂವು. ಹೊಟ್ಟೆನೋವಿಗೆ."

"ಯಾರ ಹೊಟ್ಟಿ?"

"ನಮ್ಮ ಮಾಸ್ತರರದು. ವಿಲೆ ಪಾರ್ಲೆಯಲ್ಲಿದ್ದಾರೆ."

ಬಿಯರಿನ ಹೆಸರು ಬಾಯಿಗೆ ಬಂದರೆ ಕೆಟ್ಟೆ ಎಂದು ಆಡಿದ ಸುಳ್ಳು ಅದು. ಅವನು ನಂಬಿದ ಹಾಗೆ ಕಾಣಲಿಲ್ಲ. ನನ್ನ ಕೈಯಲ್ಲಿದ್ದ ಚೀಟಿಯಿಂದ ವಿಲೆ ಪಾರ್ಲೆಯ ವಿಳಾಸ ಬರೆದುಕೊಂಡ, ಒಂದು ಚಿಟಿಕೆ ಹಾಪ್ಸನ್ನು ಕಾಗದದಲ್ಲಿ ಮಡಿಸಿ ಜೇಬಿಗೆ ಹಾಕಿಕೊಂಡ. "ಹೋಗ್ರಿ. ಹೊಟ್ಟಿನೋವು ಕಡಿಮಿ ಆದ್ರ ಚಲೋ ಆತು" ಎಂದ.

ವಡಾಲ

ನಾನು ಇಳಿದುಕೊಂಡದ್ದು ವಡಾಲದಲ್ಲಿ, ವಾಸಣ್ಣನ ಮನೆಯಲ್ಲಿ. ಉಡುಪಿ ಕಡೆಯ ವಾಸಣ್ಣ ಮೊದಲು ಬೆಂಗಳೂರಿನಲ್ಲಿ ನಮ್ಮ ಕಾರ್ಖಾನೆಯ ಎದುರಿನ ಹೋಟೆಲಿನಲ್ಲಿದ್ದ. ಈಗ ಮಾಟುಂಗದ ಒಂದು ಹೋಟೆಲಿನಲ್ಲಿ ಅಡುಗೆಯ ಮೇಲ್ವಿಚಾರಕ. ಚಾಳಿನ ಎರಡನೇ ಮಾಳಿಗೆಯಲ್ಲಿ ಒಂದೇ ಕೋಣೆ. ಮಧ್ಯೆ ಸೀರೆ ಕಟ್ಟಿ ಎರಡು ಮಾಡಿಕೊಂಡಿದ್ದ.

ಊಟಕ್ಕೆ ಕೂತಾಗ ಬಂದ ಕೆಲಸ ಹೇಳಿದೆ. ಬಿಯರ್ ಎಂಬ ಮಾತು ಕಿವಿಗೆ ಬಿದ್ದದ್ದೇ ಅವನ ಹೆಂಡತಿ ಗಿರಿಜಕ್ಕ ಎದ್ದು ಹೋಗಿ ಕಿಟಕಿ ಮುಚ್ಚಿದಳು. ಏಪ್ರಿಲ್ ತಿಂಗಳ ಸೆಕೆ. ನಾವು ಮೂವರೂ ಬೆವರುತ್ತ ಸಾರು ಅನ್ನ ಉಂಡೆವು.

"ಆ ಹೆಸರು ಇಲ್ಲಿ ಎತ್ತುವುದು ಬೇಡ ಮಾರಾಯ್ರೇ," ಎಂದ ವಾಸಣ್ಣ ಸಣ್ಣ ದನಿಯಲ್ಲಿ. "ಆಚೆ ಖೋಲಿಯವನು ಯಾರು, ಈಚೆ ಖೋಲಿಯವನು ಯಾರಿಗೆ ಸುದ್ದಿ ಕೊಡ್ತಾನೆ, ಒಂದೂ ಗೊತ್ತಿಲ್ಲ. ಹೋದ ವರ್ಷ ನಮ್ಮ ಹೋಟೆಲಿಗೇ ಬಂದಿದ್ರು. ಯಾಕೆ ಹೇಳಿ?"

"ಯಾಕೆ?"

"ಇಡ್ಲಿ ಹಿಟ್ಟು! ಹಂಡೆಯಲ್ಲಿ ಉಬ್ಬಿ ಗುಳುಗುಳು ಅಂತಿತ್ತು. ಹುಳಿ ವಾಸನೆ ಅಂತ ಯಾರೋ ದೂರು ಕೊಟ್ಟದ್ದು. ಕಡೆಗೆ ಇಡ್ಲಿ ಬೇಯಿಸಿ ಬಡಿಸಿದ ಮೇಲೆ ಹೋದದ್ದು ಅವರು."

ನಾನು ನಕ್ಕೆ. ಅವರಿಬ್ಬರೂ ನಗಲಿಲ್ಲ. ಗಿರಿಜಕ್ಕ ನನ್ನ ಡಬ್ಬಿಯನ್ನು ಎರಡು ಬೆರಳಲ್ಲಿ ಎತ್ತಿ ಬಾಗಿಲ ಹೊರಗಿಟ್ಟಳು. ಹೊರಗಿದ್ದರೆ ಯಾರಾದರೂ ನೋಡಿಯಾರು ಎನ್ನಿಸಿ ಮತ್ತೆ ಒಳಗೆ ತಂದಳು.

ವಿಲೆ ಪಾರ್ಲೆ

ಮರುದಿನ ಲೋಕಲ್ ಹಿಡಿದು ವಿಲೆ ಪಾರ್ಲೆಗೆ ಹೋದೆ. ಹಂಚಿನ ಮನೆಗಳ ಓಣಿಯಲ್ಲಿ, ಶಿಲುಬೆಯ ಕಟ್ಟೆಯ ಪಕ್ಕ, ಒಂದು ಬೇಕರಿ. ಭಾಂಡುಪ್ಪಿನ ಕಾರ್ಖಾನೆ ಪಾನನಿಷೇಧದಿಂದ ಬಿಯರ್ ನಿಲ್ಲಿಸಿದ ಮೇಲೆ ಸಾಲ್ವಡೋರ್ ಮಾಸ್ತರರು ಇಲ್ಲಿ ಪಾವ್ ಸುಡುತ್ತಿದ್ದಾರೆಂದು ವಿಳಾಸ ಕೊಟ್ಟವರು ಹೇಳಿದ್ದರು. ನನ್ನನ್ನು ಕಂಡ ಕೂಡಲೇ ಅವರು ಹಿಟ್ಟಿನ ಕೈಯಲ್ಲೇ ತಬ್ಬಿಕೊಂಡರು.

"ದೇವಾ! ರಂಗಪ್ಪ ಅಲ್ವನಾ? ಬಾ ಪುತಾ, ಬಾ!"

ಅವರಿಗೆ ಅರವತ್ತು ದಾಟಿತ್ತು. ಸೊರಗಿದ್ದರು. ನನ್ನ ಕೋಟಿಗೆ ಹಿಟ್ಟು ಮೆತ್ತಿತು. ಇವರಿಗೆ ನಾನು ಆಡಿದ ಮಾತು ಗೊತ್ತಿಲ್ಲವೋ, ಗೊತ್ತಿದ್ದೂ ನಟಿಸುತ್ತಿದ್ದಾರೋ ಎಂದು ಯೋಚಿಸುತ್ತ ನಿಂತೆ.

ಬೇಕರಿಯ ಯಜಮಾನಿ ಮೇರಿ ಬಾಯಿ ಅದೇ ಓಣಿಯ ಹಳೆಯ ಕ್ರಿಶ್ಚಿಯನ್ ಮನೆತನದ ವಿಧವೆ. ಅವಳು ಸೊಂಟಕ್ಕೆ ಕೈಕೊಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕೌನ್ ಭೇಜಾ ಇಸ್ಕೋ?" ಎಂದಳು. ಇವನನ್ನು ಯಾರು ಕಳಿಸಿದ್ದು ಎಂದು. ಮಾಸ್ತರರು ನಕ್ಕು ಏನೋ ಸಮಾಧಾನ ಹೇಳಿದರು. ಅವಳು ಹಿಂದಿನ ಕೋಣೆಯ ಬಾಗಿಲನ್ನು ಎಳೆದು ಬೀಗ ಹಾಕಿ, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಬಾಗಿಲು ಮುಚ್ಚುವ ಮುಂಚೆ ನನ್ನ ಮೂಗಿಗೆ ಒಂದು ಗಾಳಿ ಬಂದಿತ್ತು. ಹದಿನೈದು ವರ್ಷ ಹುದುಗುಕೋಣೆಯಲ್ಲಿ ಕಳೆದವನಿಗೆ ಆ ವಾಸನೆ ತಪ್ಪುವುದಿಲ್ಲ. ಅದು ಬಿಯರ್ ಯೀಸ್ಟ್. ಕದ್ದದ್ದು ನಿಜ ಎಂದುಕೊಂಡೆ. ಸಂತೋಷವೇ ಆಯಿತು.

ಕೇಳಲು ಬಾಯಿ ಬರಲಿಲ್ಲ. ನಮ್ಮ ಬಿಯರ್ ಹುಳಿಯುತ್ತಿದೆ ಎಂದಷ್ಟೇ ಹೇಳಿ, ಡಬ್ಬಿ ತೆರೆದು ಹಾಪ್ಸ್ ತೋರಿಸಿದೆ. ಅಂಗೈಯಲ್ಲಿ ಉಜ್ಜಿ ಮೂಸಿದರು. "ಇದರಲ್ಲಿ ಎಂತ ದೋಷವೂ ಇಲ್ಲ. ನಿನ್ನ ಯೀಸ್ಟ್ ಹೋಗಿದೆ. ನಾಳೆ ಆದಿತ್ಯವಾರ, ಭಾಂಡುಪ್ಪಿಗೆ ಹೋಗುವ. ನಮ್ಮವರಿದ್ದಾರೆ, ಅವರಿಗೂ ಹೇಳು" ಎಂದರು.

ಭಾಂಡುಪ್

ಹಳೆಯ ಕಾರ್ಖಾನೆಯ ಫೋರ್‌ಮನ್ ಕದಮ್ ಎಂಬವರ ಮನೆ. ನಿಪ್ಪಾಣಿ ಕಡೆಯವರು, ಮರಾಠಿ ಬೆರೆತ ಕನ್ನಡ ಬರುತ್ತಿತ್ತು. ಬಾಯ್ಲರ್ ನೋಡಿಕೊಳ್ಳುತ್ತಿದ್ದವನೊಬ್ಬ, ಬಾಟಲಿ ತುಂಬುವ ಮನೆಯವನೊಬ್ಬ ಆಗಲೇ ಬಂದು ಕೂತಿದ್ದರು. ಕಾರ್ಖಾನೆ ಬಿಯರ್ ನಿಲ್ಲಿಸಿದ ಮೇಲೆ ಒಬ್ಬ ಗಿರಣಿ ಸೇರಿದ್ದ, ಇನ್ನೊಬ್ಬ ಸೋಡಾ ತುಂಬುತ್ತಿದ್ದ. ನಾನು ಒಳಗೆ ಬಂದದ್ದೇ ಮಾತು ನಿಂತಿತು. ಮೇಜಿನ ಮೇಲಿದ್ದ ಏನೋ ಒಂದರ ಮೇಲೆ ಟವೆಲ್ ಬಿತ್ತು.

ಕದಮ್ ನೇರವಾಗಿ ನನ್ನನ್ನೇ ಕೇಳಿದರು: "ಬಾರ್ಲಿ ಮೊಳಕಿ ಎಲ್ಲಿಗಿ ಬಂದ್ರ ನಿಂದರಸ್ತೀರಿ?"

"ಕಾಳಿನ ಮುಕ್ಕಾಲು ಉದ್ದ."

"ಹೊರಗ ಬಂದ್ರ?"

"ಕಾಳಿನ ಸತ್ವ ಮೊಳಕೆ ತಿಂದುಬಿಡುತ್ತದೆ. ಸಿಹಿನೀರು ಸಪ್ಪೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಪೊಲೀಸರ ಕಡೆಯವನಿಗೆ ಇದು ಗೊತ್ತಿರುವುದಿಲ್ಲ ಎಂದು ತೀರ್ಮಾನವಾಯಿತೇನೋ, ಟವೆಲ್ ಸರಿಯಿತು. ಒಂದು ಬಾಟಲಿ ಬಿಯರ್, ಒಂದೇ ಗ್ಲಾಸು, ಪಕ್ಕದಲ್ಲಿ ನಾಲ್ಕು ಮಡಿಕೆಯ ಒಂದು ಕಾಗದ.

ಆ ಕಾಗದ ಕದಮರ ಪರ್ಮಿಟ್. ಆರೋಗ್ಯಕ್ಕೆ ಮದ್ಯ ಬೇಕೇಬೇಕು ಎಂದು ಡಾಕ್ಟರು ಬರೆದುಕೊಟ್ಟರೆ ಮಾತ್ರ ಸಿಗುವಂಥದ್ದು. "ನಾ ಎಂದೂ ನಶಾ ಮಾಡಿದಾಂವ ಅಲ್ಲ," ಎಂದರು ಕದಮ್. "ಆದ್ರ ಕಾಗದದಾಗ ರೋಗಿ ಆಗಿನಿ. ಬಿಯರ್ ಮಾಡ್ದಾಂವ ಬಿಯರ್ ಮೂಸಿ ನೋಡಾಕ ರೋಗಿ ಆಗಬೇಕಾತು, ನೋಡ್ರಿ."

ಪರ್ಮಿಟ್ ಇದ್ದವನು ಮಾತ್ರ ಕುಡಿಯಬೇಕು, ಹಂಚಿದರೆ ಅಪರಾಧ. ಹೊಸಬನಾದ ನನ್ನೆದುರು ಅವರು ಕಾಯಿದೆಯನ್ನು ಕೂದಲಷ್ಟೂ ಮೀರಲಿಲ್ಲ. ಗ್ಲಾಸು ಎಲ್ಲರ ಮೂಗಿನ ಕೆಳಗೂ ಸುತ್ತಿ ಬಂತು. ಬಾಯ್ಲರಿನವನು ಕಿವಿಯ ಹತ್ತಿರ ಹಿಡಿದು ಗುಳ್ಳೆ ಒಡೆಯುವ ಸದ್ದು ಕೇಳಿದ. ಬಾಟಲಿ ಮನೆಯವನು ನೊರೆ ಎಷ್ಟು ಹೊತ್ತು ನಿಲ್ಲುತ್ತದೆಂದು ಬೆರಳು ಮಡಿಸುತ್ತ ಎಣಿಸಿದ. ಆಮೇಲೆ ಕದಮ್ ಒಬ್ಬರೇ ಕುಡಿದರು. ಉಳಿದವರು ಅವರ ಗಂಟಲು ನೋಡುತ್ತ ಕೂತರು.

"ಕಹಿ?" ಎಂದರು ಮಾಸ್ತರರು.

"ನುಂಗಿದ ಮ್ಯಾಲ, ಹಿಂದ ಬರ್ತೈತಿ. ನಮ್ಮದು ಮುಂದ ಬರ್ತಿತ್ತು."

ನಮ್ಮ ಬೆಂಗಳೂರಿನಲ್ಲಿ ಕುಡಿಯುವವರು ಬಿಯರಿನ ಬಗ್ಗೆ ಒಂದು ಮಾತೂ ಆಡದೆ ಕುಡಿದು ಎದ್ದು ಹೋಗುತ್ತಾರೆ. ಇಲ್ಲಿ ನಾಲ್ಕು ಜನ ಒಂದು ಬಾಟಲಿಯ ಮೇಲೆ ಎರಡು ಗಂಟೆ ಮಾತಾಡಿದರು, ಮೂವರು ತುಟಿಗೂ ಸೋಕಿಸದೆ. ಇವರು ನನ್ನನ್ನು ನಂಬಿಲ್ಲವೆಂದು ನನಗೆ ಗೊತ್ತಿತ್ತು, ನಾನೂ ಅವರನ್ನು ನಂಬಿರಲಿಲ್ಲ. ಬೀಗ ಹಾಕಿದ ಆ ಕೋಣೆಯಲ್ಲಿ ಇವರೇ ಕದ್ದು ಬಿಯರ್ ಇಳಿಸುತ್ತಿರಬೇಕು, ಈ ಪರ್ಮಿಟ್ಟಿನ ಶಿಸ್ತೆಲ್ಲ ನನಗೆ ತೋರಿಸಲು ಎಂದು ಹಿಂತಿರುಗುವಾಗ ಲೋಕಲಿನಲ್ಲಿ ನಿಂತು ಯೋಚಿಸಿದೆ.

ಮತ್ತೆ ವಿಲೆ ಪಾರ್ಲೆ

ಸೋಮವಾರ ಬೆಳಿಗ್ಗೆ, ಈ ದಿನ ಕೇಳಿಯೇಬಿಡಬೇಕೆಂದು ಬೇಕರಿಗೆ ಹೋದೆ. ನಾನು ಬೆಂಚಿನ ಮೇಲೆ ಕೂತು ಐದು ನಿಮಿಷವಾಗಿರಲಿಲ್ಲ, ಬಾಗಿಲಲ್ಲಿ ದಾದರಿನ ಅದೇ ಕಾನ್‌ಸ್ಟೇಬಲ್ ಕಾಣಿಸಿದ. ಜೊತೆಯಲ್ಲಿ ಒಬ್ಬ ಯುವಕ ಇನ್‌ಸ್ಪೆಕ್ಟರ್. ಕೈಯಲ್ಲಿ ಕಾಗದದ ಪೊಟ್ಟಣ.

ಕಾನ್‌ಸ್ಟೇಬಲ್ ಮಾಸ್ತರರನ್ನು ಕನ್ನಡದಲ್ಲೇ ಕೇಳಿದ: "ನಿಮಗ ಹೊಟ್ಟಿನೋವು ಐತೇನ್ರಿ?"

"ಇಲ್ಲವಲ್ಲ," ಎಂದರು ಮಾಸ್ತರರು ಅಚ್ಚರಿಯಿಂದ. "ಯಾಕೆ?"

ಇನ್‌ಸ್ಪೆಕ್ಟರ್ ಪೊಟ್ಟಣ ಬಿಚ್ಚಿದ. ಮಾಸ್ತರರು ನೋಡಿ, ಒಂದು ಗಳಿಗೆಯೂ ತಡೆಯದೆ, "ಇದು ಹಾಪ್ಸ್. ಬಿಯರಿಗೆ ಹಾಕುವ ಹೂವು" ಎಂದುಬಿಟ್ಟರು. ಮುಂದಿನದು ಹಿಂದಿನ ಕೋಣೆ. ಮೇರಿ ಬಾಯಿ ಕೀಲಿಕೈ ಕೊಡುವಾಗ ಇನ್‌ಸ್ಪೆಕ್ಟರನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು.

ಒಳಗೆ ಒದ್ದೆ ಗೋಣಿ ಸುತ್ತಿದ ಒಂದು ಜಾಡಿ. ಮುಚ್ಚಳ ತೆಗೆದರೆ ಕಂದು ನೊರೆ. ಕಳ್ಳಭಟ್ಟಿಯ ಹುಳಿನೀರು ಎಂದ ಇನ್‌ಸ್ಪೆಕ್ಟರ್. ಮಾಸ್ತರರು ತಾಳ್ಮೆಯಿಂದ ಹೇಳಿದರು, ಕಾನ್‌ಸ್ಟೇಬಲ್ ಮರಾಠಿಗೆ ತಿರುಗಿಸಿದ. ಮೊದಲು ಈ ಓಣಿಯ ಬೇಕರಿಗಳು ಪಾವ್ ಉಬ್ಬಿಸಲು ಹೆಂಡ ಬಳಸುತ್ತಿದ್ದವು. ಹೆಂಡ ನಿಂತಮೇಲೆ ಪಾವ್ ಕಲ್ಲಾಯಿತು. ಈ ಜಾಡಿಯಲ್ಲಿರುವುದು ಹಿಟ್ಟು ಉಬ್ಬಿಸುವ ಯೀಸ್ಟ್.

"ನಂಬುವುದು ಬೇಡ," ಎಂದರು. "ಮೂರು ಗಂಟೆ ಕೂತು ನೋಡಿ."

ಇನ್‌ಸ್ಪೆಕ್ಟರ್ ಕೂತೇಬಿಟ್ಟ. ಮೈದಾ ಮೂಟೆಯ ಮೇಲೆ, ಟೋಪಿ ತೊಡೆಯ ಮೇಲಿಟ್ಟು, ಹಿಟ್ಟಿನ ತಟ್ಟೆಯಿಂದ ಕಣ್ಣು ಕೀಳದೆ. ಓಣಿಯ ಹೆಂಗಸರು ಬಾಗಿಲಲ್ಲಿ ಗುಂಪುಗೂಡಿದರು. ಮೇರಿ ಬಾಯಿ ನನ್ನ ಕಡೆ ಬೆರಳು ತೋರಿಸಿ ಎಲ್ಲರಿಗೂ ಕೇಳುವಂತೆ, "ಯೇಹೀ ಲಾಯಾ ಪೋಲೀಸ್ ಕೋ" ಎಂದಳು. ಪೊಲೀಸರನ್ನು ಕರೆತಂದವನು ಇವನೇ ಎಂದು. ಅವಳ ಮಾತು ಸುಳ್ಳಾಗಿರಲಿಲ್ಲ.

ಮಾಸ್ತರರು ನನ್ನ ಪಕ್ಕ ಬಂದು ಕೂತರು. "ಹೌದನಾ?" ಎಂದು ಕೇಳಿದರು.

ದಾದರಿನಲ್ಲಿ ಆಡಿದ ಸುಳ್ಳು ಹೇಳಿದೆ. ಒಂದು ಹೇಳಿದ ಮೇಲೆ ಇನ್ನೊಂದೂ ತಾನಾಗಿ ಬಂತು. "ಹತ್ತು ವರ್ಷದ ಹಿಂದೆ, ನೀವು ಯೀಸ್ಟ್ ಕದ್ದಿರಿ ಅಂತ ಮ್ಯಾನೇಜರಿಗೆ ಹೇಳಿದ್ದೂ ನಾನೇ. ಒದ್ದೆ ಬಟ್ಟೆಯ ಬಾಟಲಿ ನೋಡಿದ್ದೆ."

ಅವರು ಕೈ ಚಾಚಿ ಹಿಟ್ಟಿನ ತಟ್ಟೆಯ ಮೇಲಿನ ಬಟ್ಟೆಯನ್ನು ಸರಿಮಾಡಿದರು.

"ಅದು ಬಾರ್ಲಿಯ ಸಿಹಿನೀರು," ಎಂದರು. "ನನ್ನ ಹೆಂಡತಿ ಸಿಸಿಲಿಯಾಗೆ. ಕಾಯಿಲೆಯಲ್ಲಿ ಅವಳಿಗೆ ಊಟ ಸೇರ್ತಿರಲಿಲ್ಲ, ಅದೊಂದು ಇಳೀತಿತ್ತು. ಕಾರ್ಖಾನೆಯ ಆಗಿನ ಇಂಗ್ಲಿಷ್ ದೊರೆ ಗೇಟಿಗೆ ಒಪ್ಪಿಗೆಯ ಚೀಟಿ ಬರೆದು ಕೊಟ್ಟಿದ್ದರು. ದಾರಿಯಲ್ಲಿ ಹುಳಿಯಬಾರದು ಅಂತ ಒದ್ದೆ ಬಟ್ಟೆ. ಇಲ್ಲಿಗೆ ಬಂದಮೇಲೆ ಮ್ಯಾನೇಜರ ಕಾಗದ ಬಂತು, ಕದ್ದದ್ದು ವಾಪಸು ಕೊಡು ಅಂತ. ಅವಳು ಓದಿದಳು. ಆಮೇಲೆ ಭಾಂಡುಪ್ಪಿನಿಂದ ನಾನು ಸಿಹಿನೀರು ತಂದರೆ ಮುಟ್ಟಲಿಲ್ಲ. ಎರಡು ತಿಂಗಳು ಇದ್ದಳು."

ನಾನು ಬೆಂಚಿನಿಂದ ಎದ್ದು ನಿಂತೆ.

"ದೂರು ಹೇಳಿದವ ನಂಜಪ್ಪ ಅಂತ ನಾನು ತಿಳಿದಿದ್ದೆ," ಎಂದರು. ನಂಜಪ್ಪ ನಮ್ಮ ಕಾರ್ಖಾನೆಯ ಉಗ್ರಾಣದವರು, ಗೇಟಿನಲ್ಲಿ ಹೋಗುವ ಬರುವ ಸಾಮಾನು ನೋಡುತ್ತಿದ್ದವರು. "ಬಾಟಲಿ ನೋಡಿದವ ಅವನೊಬ್ಬನೇ ಅಂತ ನನ್ನ ಲೆಕ್ಕ. ಎರಡು ಕಾಗದ ಬರೆದ. ಒಡೆಯದೆ ಒಲೆಗೆ ಹಾಕಿದೆ. ಹೇಗಿದ್ದಾನೆ ಈಗ?"

"ತೀರಿಕೊಂಡರು, ಮಾಸ್ತರೇ. ಮೂರು ವರ್ಷವಾಯಿತು."

ಅವರು ಎದ್ದು ಒಲೆಯ ಕಡೆ ಹೋದರು. ಹಿಟ್ಟು ಬಟ್ಟೆಯನ್ನು ಎತ್ತಿ ಉಬ್ಬಿ ನಿಂತಿತ್ತು. ಪಾವ್ ಸುಟ್ಟು ಹೊರಗೆ ತೆಗೆದಾಗ ಇನ್‌ಸ್ಪೆಕ್ಟರ್ ಒಂದನ್ನು ಮುರಿದು ಮೂಸಿದ, ತಿಂದ, ಇನ್ನೊಂದು ತೆಗೆದುಕೊಂಡ. ಆದರೂ ಒಂದು ಬಾಟಲಿ ತುಂಬಿಸಿ ಅರಗಿನ ಮುದ್ರೆ ಹಾಕಿ ಪರೀಕ್ಷೆಗೆ ಒಯ್ದ. ಬಾಗಿಲಲ್ಲಿ ಕಾನ್‌ಸ್ಟೇಬಲ್ ನನಗೆ ಹೇಳಿದ: "ಖರೆ ಹೇಳಿದ್ರ ಅವತ್ತ ಬಿಟ್ಟುಬಿಡ್ತಿದ್ದೆ. ಸುಳ್ಳು ಹೇಳಿದ್ರಿ ಅಂತ ಸಂಶೆ ಬಂತು."

ಹಿಂತಿರುಗುವ ದಾರಿ

ಮಾಸ್ತರರು ಆ ದಿನ ನನ್ನೊಡನೆ ಮತ್ತೆ ಮಾತಾಡಲಿಲ್ಲ. ಹೊರಡುವ ದಿನ ದಾದರ್ ಸ್ಟೇಷನ್ನಿಗೆ ಬಂದರು, ಕೈಯಲ್ಲಿ ಗೋಣಿ ಸುತ್ತಿದ ಬಾಟಲಿ ಹಿಡಿದು.

"ಇದು ನಿಮ್ಮ ಯೀಸ್ಟ್ ಅಲ್ಲ. ಭಾಂಡುಪ್ಪಿನದು," ಎಂದರು. "ಕಡೆಯ ದಿನ ತೊಟ್ಟಿಗಳನ್ನೆಲ್ಲ ಮೋರಿಗೆ ಬಿಟ್ಟರು. ಕದಮ್ ಅಳ್ತಾ ನಿಂತಿದ್ದ. ನಾನು ಒಂದು ಬಾಟಲಿ ಎತ್ತಿಟ್ಟೆ. ಪಾವಿನಲ್ಲಿ ಬದುಕಿದೆ, ಅಷ್ಟೇ. ಅದರ ಕೆಲಸ ಅದಲ್ಲ. ನೀನು ತಗೊಂಡು ಹೋಗು."

"ಮಾಸ್ತರೇ, ನನ್ನನ್ನು..."

"ನಿನಗೆ ಅಂತ ಕೊಡ್ತಿಲ್ಲ ನಾನು, ಬಿಯರಿಗೆ ಕೊಡ್ತಿದ್ದೇನೆ. ನಂಜಪ್ಪನ ಮನೆಗೆ ಹೋಗಿ ಹೇಳು. ಮ್ಯಾನೇಜರಿಗೂ ಹೇಳು." ಗಾಡಿ ಅಲುಗುವ ಮುಂಚೆಯೇ ತಿರುಗಿ ಹೋದರು.

ಬಿಗಿಯಾಗಿ ಮುಚ್ಚಿದರೆ ಬಾಟಲಿ ಸಿಡಿಯುತ್ತದೆಂದು ಪ್ರತಿ ಸ್ಟೇಷನ್ನಿನಲ್ಲೂ ಬಿರಡೆ ಸಡಿಲಿಸಿದೆ. ಬುಸ್ ಎಂದಾಗಲೆಲ್ಲ ಎದುರಿಗೆ ಕೂತವರು ಮುಖ ನೋಡಿದರು. ಮಿರಜಿನ ನಂತರ ನನ್ನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಕೇಳಿದವರಿಗೆಲ್ಲ ಬಿಯರ್ ಯೀಸ್ಟ್ ಎಂದೇ ಹೇಳಿದೆ. ಯಾರೂ ನಂಬಿದಂತೆ ಕಾಣಲಿಲ್ಲ.

ಬೆಂಗಳೂರು

ಮೂರನೆಯ ಸಲದ ಹೊತ್ತಿಗೆ ನಮ್ಮ ಬಿಯರ್ ಸರಿಹೋಯಿತು. ಕಹಿ ಮುಂದೆಯೇ ಬರುತ್ತದೆ ಎಂದು ರುಚಿ ನೋಡಿದವರು ಹೇಳಿದರು. ಮ್ಯಾನೇಜರು ಗ್ಲಾಸು ಎತ್ತಿ ಹಿಡಿದು, "ಕಡೆಗೂ ಆ ಕಳ್ಳನಿಂದ ನಮ್ಮದನ್ನು ವಾಪಸು ತಂದೆ" ಎಂದರು. ನಾನು ಎಲ್ಲರೆದುರು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಗ್ಲಾಸು ಕೆಳಗಿಟ್ಟು ನನ್ನನ್ನು ದಿಟ್ಟಿಸಿ, "ಅವನು ಹೇಳಿದ, ನೀನು ನಂಬಿದೆ. ಚೀಟಿಯನ್ನು ನೀನು ಕಣ್ಣಾರೆ ನೋಡಿದೆಯಾ?" ಎಂದರು.

ಆ ಭಾನುವಾರ ನಂಜಪ್ಪನವರ ಮನೆಗೆ ಹೋದೆ. ಅವರ ಹೆಂಡತಿ ಜಗಲಿಯಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ನಾನು ನಿಂತುಕೊಂಡೇ ಎಲ್ಲವನ್ನೂ ಹೇಳಿದೆ, ಒಲೆಗೆ ಬಿದ್ದ ಎರಡು ಕಾಗದದವರೆಗೆ. ಅವರ ಕೈ ಮೊರದಲ್ಲಿ ನಿಂತಿತು.

"ಆ ಕಾಗದದಲ್ಲಿ ಏನು ಬರೆದಿದ್ದರು ಅಂತ ಗೊತ್ತೇ?" ಎಂದರು. "ದೊರೆಯ ಚೀಟಿ ನನ್ನ ಹತ್ತಿರ ಇದೆ, ಯಾರು ಕೇಳಿದರೂ ತೋರಿಸ್ತೀನಿ, ನೀನು ಹೆದರಬೇಡ ಅಂತ. ಮ್ಯಾನೇಜರ ಹತ್ತಿರವೂ ತಗೊಂಡು ಹೋಗಿದ್ದರು. ಯಾರೂ ನೋಡಲಿಲ್ಲ. ಸಾಯೋ ತನಕ ಕೇಳ್ತಿದ್ದರು, ಸಾಲ್ವಡೋರ್ ಯಾಕೆ ಉತ್ತರ ಬರೀಲಿಲ್ಲ ಅಂತ."

ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದು ಚೀಟಿ ತಂದರು. ಹಳದಿಯಾಗಿತ್ತು, ಮಡಿಕೆಯಲ್ಲಿ ಹರಿದಿತ್ತು. ನಾನು ಕೈ ಚಾಚಿದೆ. ಅವರು ಕೊಡಲಿಲ್ಲ, ಓದುವಷ್ಟು ದೂರದಲ್ಲಿ ಹಿಡಿದರು.

"ಇದನ್ನು ತಿಳಿಯೋಕೆ ನೀವು ಮುಂಬಯಿಗೆ ಹೋಗಬೇಕಾಗಿತ್ತೇ ರಂಗಪ್ಪನವರೇ?" ಎಂದರು. "ಹತ್ತು ವರ್ಷ ದಿನಾ ಎರಡು ಹೊತ್ತು ಈ ಬಾಗಿಲ ಮುಂದೆಯೇ ನಡೆದು ಹೋಗ್ತಿದ್ದಿರಲ್ಲ."